ಅಪ್ಪ ಏನ್ ಕೆಲಸ ಮಾಡ್ತಾನ?

ನಮ್ಮ ಕಡೆ ಗಂಡಸರು ಹಿರಿಯರ ಎದುರಿಗೆ ತಮ್ಮ ಮಗುವನ್ನು ಎತ್ತಿಕೊಳ್ಳುತ್ತಿರಲಿಲ್ಲ. ಇದನ್ನು ಯಾರೂ ಬರೆದಿಟ್ಟಿಲ್ಲ. ಆದರೆ ತಿಕೋಟಾ ಸುತ್ತಲಿನ ಹಳ್ಳಿಗಳಲ್ಲಿ ಹುಟ್ಟಿ ಬೆಳೆದ ನನ್ನ ವಯಸ್ಸಿನವರನ್ನು ಕೇಳಿ ನೋಡಿ, ಹೌದು ಅಂತಾರೆ. ಅಣ್ಣನ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆ ತುಂಬ ತಿರುಗಿಸಬಹುದು. ತಂಗಿಯ ಮಗಳಿಗೆ ಬೆಂಡು ಬತ್ತಾಸು ಕೊಡಿಸಬಹುದು. ಸ್ವಂತ ಮಗು ಅತ್ತರೆ ಮಾತ್ರ "ಏ, ಕೂಸು ಅಳ್ಲಾಕತ್ತದ ನೋಡ್ರಿ" ಅಂತ ಅಡುಗೆಮನೆ ಕಡೆ ಕೂಗಿ, ಟವೆಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡು ಹೊರಗೆ ಹೋಗಬೇಕು. ತಂದೆ ತಾಯಿ ಮುಂದೆ ತನ್ನ ಮಗುವನ್ನು ಮುದ್ದು ಮಾಡುವುದೆಂದರೆ, ಹೆಂಡತಿಯ ಕೈ ಹಿಡಿದುಕೊಂಡು ಅಗಸಿ ದಾಟಿದಷ್ಟೇ ನಾಚಿಕೆಯ ವಿಷಯ.

ನಮ್ಮಪ್ಪ ನನ್ನನ್ನು ಎತ್ತಿಕೊಂಡಿರುವ ಒಂದೇ ಒಂದು ಫೋಟೋ ಇದೆ. ಅದು ವಿಜಯಪುರದ ಒಂದು ಸ್ಟುಡಿಯೋದಲ್ಲಿ ತೆಗೆಸಿದ್ದು. ಫೋಟೋದವನು ಹೇಳಿದ ಅಂತ ಎತ್ತಿಕೊಂಡಿದ್ದಾರೆ. ಯಾರದೋ ಮನೆಯ ಕರುವನ್ನು ಸ್ವಲ್ಪ ಹೊತ್ತು ಹಿಡಿದುಕೊಳ್ಳಿ ಎಂದರೆ ಹಿಡಿಯುತ್ತೇವಲ್ಲ, ಹಾಗೆ ಹಿಡಿದಿದ್ದಾರೆ.

ಹಾಗಂತ ನನ್ನ ಬಾಲ್ಯದಲ್ಲಿ ಅಪ್ಪ ಇರಲಿಲ್ಲ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಇದ್ದರು, ಎಲ್ಲಾ ಕಡೆ ಇದ್ದರು. ಯಾಕೆಂದರೆ ಅವರ ಕೆಲಸ ನನ್ನ ಕಣ್ಣ ಮುಂದೆ ಇತ್ತು.

ಹತ್ತು ವರ್ಷದ ಹುಡುಗನಾಗಿದ್ದಾಗಲೇ ನಮ್ಮಪ್ಪನ ಕೆಲಸ ಏನು, ಅದರಲ್ಲಿ ಯಾವುದು ಕಷ್ಟ, ಯಾವುದಕ್ಕೆ ಅವರು ಹೆದರುತ್ತಾರೆ ಎಲ್ಲ ನನಗೆ ಗೊತ್ತಿತ್ತು. ದ್ರಾಕ್ಷಿ ಗಿಡಕ್ಕೆ ವರ್ಷಕ್ಕೆ ಎರಡು ಸಲ ಕತ್ತರಿ ಬೀಳುತ್ತದೆ. ನಮ್ಮ ಕಡೆ ಅದಕ್ಕೆ ಚಾಟ್ನಿ ಅಂತಾರೆ. ಏಪ್ರಿಲ್ ಚಾಟ್ನಿ ಕಡ್ಡಿಗಾಗಿ, ಅಕ್ಟೋಬರ್ ಚಾಟ್ನಿ ಹಣ್ಣಿಗಾಗಿ. ಅಕ್ಟೋಬರಿನಲ್ಲಿ ಎಲ್ಲಿ ಕತ್ತರಿಸಿದ್ದೀರಿ ಅನ್ನುವುದರ ಫಲಿತಾಂಶ ಬರುವುದು ಫೆಬ್ರುವರಿ–ಮಾರ್ಚಿಗೆ. ಬರ ಬಿದ್ದ ವರ್ಷ ಕೊಳವೆಬಾವಿ ಕೈಕೊಟ್ಟರೆ ಟ್ಯಾಂಕರಿನಿಂದ ನೀರು ತಂದು ಗಿಡ ಉಳಿಸಿಕೊಳ್ಳಬೇಕು. ಟ್ಯಾಂಕರ್ ಬಂದ ದಿನ ಅಪ್ಪ ಊಟಕ್ಕೆ ಕೂತಾಗ ಮಾತಾಡುತ್ತಿರಲಿಲ್ಲ. ಯಾಕೆ ಅಂತ ನಾವು ಕೇಳುತ್ತಲೂ ಇರಲಿಲ್ಲ.

ಹಣ್ಣು ಬಂದ ಮೇಲೆ ಒಣದ್ರಾಕ್ಷಿ ಕೆಲಸ. ಗೊಂಚಲುಗಳನ್ನು ಪೊಟ್ಯಾಶಿಯಂ ಕಾರ್ಬೋನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ ತೆಗೆದರೆ ಸಿಪ್ಪೆಯ ಮೇಲಿನ ಮೇಣದ ಪದರ ಸಡಿಲಾಗಿ, ಒಳಗಿನ ನೀರು ಬೇಗ ಆರುತ್ತದೆ. ಆಮೇಲೆ ಶೆಡ್ಡಿನಲ್ಲಿ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಯ ಮೇಲೆ ಹರಡಬೇಕು. ನೇರ ಬಿಸಿಲು ಬೀಳಬಾರದು, ಗಾಳಿ ಮಾತ್ರ ಆಡಬೇಕು. ಎರಡು ವಾರದ ಆಸುಪಾಸು ಒಣಗುತ್ತದೆ. ಸರಿಸುಮಾರು ನಾಲ್ಕು ಕಿಲೋ ದ್ರಾಕ್ಷಿಗೆ ಒಂದು ಕಿಲೋ ಒಣದ್ರಾಕ್ಷಿ. ಆ ಹದಿನೈದು ದಿನದಲ್ಲಿ ಒಂದು ಅಕಾಲ ಮಳೆ ಬಿದ್ದರೆ ಬಂಗಾರದ ಬಣ್ಣಕ್ಕೆ ತಿರುಗಬೇಕಾದ ಮಾಲು ಕಪ್ಪಾಗುತ್ತದೆ, ರೇಟು ಅರ್ಧಕ್ಕೆ ಇಳಿಯುತ್ತದೆ. ಚೀಲ ಹೊತ್ತ ಗಾಡಿ ತಾಸಗಾಂವ, ಸಾಂಗಲಿ ಮಾರ್ಕೆಟ್ಟಿಗೆ ಹೋಗಿ, ಅಪ್ಪ ವಾಪಸ್ ಬಂದು ಚಪ್ಪಲಿ ಬಿಡುವ ರೀತಿ ನೋಡಿದರೇ ಆ ವರ್ಷ ನಮಗೆ ಹೊಸ ಅಂಗಿ ಇದೆಯೋ ಇಲ್ಲವೋ ತಿಳಿಯುತ್ತಿತ್ತು.

ಇಷ್ಟೆಲ್ಲ ನಾನು ಕಲಿತದ್ದು ಅಪ್ಪ ಕೂರಿಸಿಕೊಂಡು ಹೇಳಿದ್ದರಿಂದಲ್ಲ. ಪಕ್ಕದಲ್ಲಿ ಇದ್ದೆ, ಅಷ್ಟೇ. ಕ್ರೇಟ್ ಕೊಡು ಅಂದಾಗ ಕೊಟ್ಟೆ, ಸುತ್ತಲಿ ಹಿಡಿ ಅಂದಾಗ ಹಿಡಿದೆ. "ಕ್ವಾಲಿಟಿ ಟೈಮ್" ಎನ್ನುವ ಪದ ನಮ್ಮೂರಿಗೆ ಬಂದಿರಲಿಲ್ಲ. ಅಪ್ಪನ ಟೈಮಿನ ಪಕ್ಕದಲ್ಲಿ ನನ್ನ ಟೈಮೂ ನಡೆಯುತ್ತಿತ್ತು.

ಈಗ ನನ್ನ ಕೆಲಸಕ್ಕೆ ಬರೋಣ.

ನಾನು ಬಿಇ ಮುಗಿಸಿ ಎಲ್ಲರಂತೆ ಬೆಂಗಳೂರಿಗೆ ಹೋದೆ. ಒಂದೆರಡು ಕಂಪನಿ ತಿರುಗಿ ಕೊನೆಗೆ ಸೇರಿದ್ದು ಅನಿಮೇಶನ್ ಸ್ಟುಡಿಯೋ. ಮಕ್ಕಳ ಕಾರ್ಟೂನು, ಜಾಹೀರಾತು, ಒಮ್ಮೊಮ್ಮೆ ಗೇಮ್ ಕೆಲಸ. ಕರ್ನಾಟಕ ಸರ್ಕಾರ ಅನಿಮೇಶನ್, ವಿಷುವಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ಸ್ ಉದ್ಯಮಕ್ಕೆ ಅಂತಲೇ 2012ರಲ್ಲಿ ಒಂದು ನೀತಿ ತಂದಿತು. ಅಂಥ ಸ್ಟುಡಿಯೋಗಳಲ್ಲಿ ಚಿತ್ರ ಬಿಡಿಸುವವರು ಇರುವಂತೆ, ಆ ಚಿತ್ರದ ಕೈಕಾಲು ಸರಿಯಾಗಿ ಆಡುವಂತೆ ಟೂಲ್ ಬರೆದುಕೊಡುವ ನನ್ನಂಥ ಕೋಡ್ ಜನವೂ ಇರುತ್ತಾರೆ. ಒಂದು ಸೆಕೆಂಡಿಗೆ 24 ಫ್ರೇಮು. ಹನ್ನೊಂದು ನಿಮಿಷದ ಒಂದು ಎಪಿಸೋಡಿಗೆ 15,840 ಫ್ರೇಮು. ಮಗು ಅನ್ನ ತಿನ್ನುತ್ತಾ ನೋಡಿ ಮುಗಿಸುವ ಹನ್ನೊಂದು ನಿಮಿಷದ ಹಿಂದೆ ಒಂದು ತಂಡದ ತಿಂಗಳುಗಳು ಇರುತ್ತವೆ.

2020ರ ಲಾಕ್‌ಡೌನಿನಲ್ಲಿ ಊರಿಗೆ ಬಂದವನು ವಿಜಯಪುರದಲ್ಲೇ ಉಳಿದೆ. ಹೆಂಡತಿ ಬಬಲೇಶ್ವರದ ಸರ್ಕಾರಿ ಶಾಲೆಯಲ್ಲಿ ಶಿಕ್ಷಕಿ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ನಾನು ಮನೆಯಿಂದಲೇ ಕೆಲಸ ಮಾಡುತ್ತೇನೆ. ತಿಂಗಳಿಗೊಮ್ಮೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿ ಮುಖ ತೋರಿಸಿ ಬರುತ್ತೇನೆ. ಮಗಳು ಎರಡನೇ ಕ್ಲಾಸು. ಅವಳನ್ನು ಶಾಲೆಗೆ ಬಿಡುವುದು, ಕರೆತರುವುದು, ಮಧ್ಯಾಹ್ನದ ಊಟ, ಹೋಂವರ್ಕ್ ನನ್ನ ಪಾಲಿಗೆ.

ಹೋದ ವರ್ಷ ಶಾಲೆಯಲ್ಲಿ "ನನ್ನ ಕುಟುಂಬ" ಅಂತ ಚಿತ್ರ ಬಿಡಿಸಲು ಹೇಳಿದ್ದರು. ಯಾರು ಏನು ಕೆಲಸ ಮಾಡುತ್ತಾರೆ ಎಂದು ಕೆಳಗೆ ಬರೆಯಬೇಕು. ಅಜ್ಜನನ್ನು ದ್ರಾಕ್ಷಿ ಬಳ್ಳಿ ಕೆಳಗೆ ನಿಲ್ಲಿಸಿದ್ದಳು. ಅಮ್ಮನ ಕೈಯಲ್ಲಿ ಚಾಕ್‌ಪೀಸ್ ಕೊಟ್ಟಿದ್ದಳು. ನಾನು? ಒಂದು ಕುರ್ಚಿ, ಕುರ್ಚಿಯ ಮೇಲೆ ಒಂದು ತಲೆಯ ಹಿಂಭಾಗ, ತಲೆಗೆ ಹೆಡ್‌ಫೋನು. ಕೆಳಗೆ "ಅಪ್ಪ ಮೀಟಿಂಗ್ ಮಾಡುತ್ತಾನೆ" ಅಂತ ಬರೆದಿದ್ದಳು. ಚಿತ್ರ ಚೆನ್ನಾಗಿತ್ತು. ಹೆಡ್‌ಫೋನಿನ ವೈರು ಕೂಡ ಬಿಟ್ಟಿರಲಿಲ್ಲ.

ನೋಡಿ, ನಮ್ಮಪ್ಪ ನನ್ನನ್ನು ಎತ್ತಿಕೊಳ್ಳಲಿಲ್ಲ, ಆದರೆ ಅವರ ಕೆಲಸ ನನಗೆ ಪೂರ್ತಿ ಗೊತ್ತಿತ್ತು. ನಾನು ಮಗಳನ್ನು ದಿನಾ ಎತ್ತಿಕೊಳ್ಳುತ್ತೇನೆ, ಜಡೆ ಹಾಕುತ್ತೇನೆ. ಆದರೆ ದಿನಕ್ಕೆ ಒಂಬತ್ತು ತಾಸು ಅದೇ ಮನೆಯಲ್ಲಿ ನಾನು ಏನು ಮಾಡುತ್ತೇನೆ ಅನ್ನುವುದು ಅವಳಿಗೆ ಒಂದು ಮುಚ್ಚಿದ ಬಾಗಿಲು. ಅದೂ ಮಕ್ಕಳಿಗಾಗಿ ಕಾರ್ಟೂನು ಮಾಡುವ ಅಪ್ಪನ ಮಗಳಿಗೆ!

ಇದರಲ್ಲಿ ಕೆಲಸದ ಗುಣವೂ ಇದೆ. ಹೊಸದನ್ನು ಹುಟ್ಟಿಸುವ ಕೆಲಸಕ್ಕೆ ಎರಡು ಖೋಡಿ ಗುಣ. ಒಂದು, ಯೋಚನೆ ಮಾಡುತ್ತಿರುವವನು ನೋಡುವವರಿಗೆ ಖಾಲಿ ಕೂತಂತೆ ಕಾಣುತ್ತಾನೆ. ಕಿಟಕಿ ಕಡೆ ನೋಡುತ್ತಾ ಕೂತರೆ ನಮ್ಮವ್ವ "ಹ್ಯಾಂಗೂ ಖಾಲಿ ಕುಂತೀದಿ, ಒಂದ್ ಸಿಲಿಂಡರ್ ಎತ್ತಿಡು" ಅಂತಾಳೆ. ಎರಡನೆಯದು, ಅದು ಮುಗಿಯುವುದಿಲ್ಲ. ಹತ್ತು ಚೀಲ ತುಂಬಿದರೆ ಹತ್ತು ಚೀಲದ ಕೆಲಸ ಮುಗಿಯಿತು. ಒಂದು ಶಾಟನ್ನು ಮಾತ್ರ ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಅಂತ ಜೀವನಪೂರ್ತಿ ತಿದ್ದಬಹುದು. ನಮ್ಮ ಊರಿನಲ್ಲೇ ಇದಕ್ಕೆ ಕಲ್ಲಿನ ಸಾಕ್ಷಿ ಇದೆ. ಅಪ್ಪ ಮೊಹಮ್ಮದ್ ಆದಿಲ್‌ಶಾಹ ಗೋಲಗುಂಬಜ್ ಕಟ್ಟಿಸಿದ. ಮಗ ಎರಡನೇ ಅಲಿ ಆದಿಲ್‌ಶಾಹ ಅದಕ್ಕೂ ದೊಡ್ಡದು ಕಟ್ಟುತ್ತೇನೆ ಅಂತ ಹೊರಟ. 1672ರಲ್ಲಿ ಅವನು ತೀರಿಕೊಂಡಾಗ ನಿಂತಿದ್ದು ಬರೀ ಕಮಾನುಗಳು. ಇವತ್ತು ಬಾರಾಕಮಾನ್ ಮುಂದೆ ಸೆಲ್ಫಿ ತೆಗೆದುಕೊಳ್ಳುವ ಪ್ರತಿ ಐಟಿ ಹುಡುಗನಿಗೂ ನಾನು ಹೇಳುವುದು ಇಷ್ಟೇ: ಇದು ಸ್ಕೋಪ್ ಕೈಮೀರಿ ಬೆಳೆದ ಪ್ರಾಜೆಕ್ಟಿನ ಸ್ಮಾರಕ.

ಕೆಲಸವೇ ಮನೆಯನ್ನು ನುಂಗುವುದು ಹೊಸ ಸಂಗತಿಯೇನಲ್ಲ. ನಾನು ಬಿಇ ಓದಿದ ವಿಜಯಪುರದ ಕಾಲೇಜಿಗೆ ಫ.ಗು. ಹಳಕಟ್ಟಿಯವರ ಹೆಸರಿದೆ. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ವಿಜಯಪುರದಲ್ಲಿ ವಕೀಲಿಕೆ ಮಾಡಿದವರು. ಹಳೇ ತಾಡೋಲೆಗಳನ್ನು ಹುಡುಕಿ, ನಕಲು ಮಾಡಿ, ತಿದ್ದಿ, ವಚನಗಳನ್ನು ಅಚ್ಚಿಗೆ ತಂದರು. ಅಚ್ಚು ಹಾಕುವುದೇ ಕಷ್ಟವಾದಾಗ ಇದ್ದ ಮನೆಯನ್ನು ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ಶುರು ಮಾಡಿದರು. ಮರುವರ್ಷ 'ಶಿವಾನುಭವ' ಪತ್ರಿಕೆ ಬಂತು. ಅವರ ಜನ್ಮದಿನ ಜುಲೈ 2ರಂದು ನಾವು ಫೋಟೋಕ್ಕೆ ಹಾರ ಹಾಕುತ್ತೇವೆ, ಮನೆ ಮಾರಿದ ಕಥೆಯನ್ನು ಹೆಮ್ಮೆಯಿಂದ ಹೇಳುತ್ತೇವೆ. ಹೆಮ್ಮೆ ಪಡಲೇಬೇಕು, ಆ ಮನೆ ಹೋಗದಿದ್ದರೆ ಎಷ್ಟೋ ವಚನಗಳು ನಮಗೆ ಇಷ್ಟು ಬೇಗ ಸಿಗುತ್ತಿರಲಿಲ್ಲ. ಆದರೆ ಅಪ್ಪನಾದ ಮೇಲೆ ಈ ಕಥೆ ಕೇಳಿದಾಗ ನನ್ನ ಕಿವಿ ಇನ್ನೊಂದು ಕಡೆ ಹೋಗುತ್ತದೆ. ಮಾರಿದ್ದು ಮನೆ. ಮನೆ ಅಂದರೆ ಅದರೊಳಗೆ ಜನ ಇರುತ್ತಾರೆ.

ಇದಕ್ಕೆ ಇನ್ನೊಂದು ಮುಖವೂ ಇದೆ. ಕುವೆಂಪು 'ಶ್ರೀ ರಾಮಾಯಣ ದರ್ಶನಂ' ಬರೆದದ್ದು 1936ರಿಂದ 1946ರವರೆಗೆ. ಪೂರ್ಣಚಂದ್ರ ತೇಜಸ್ವಿ ಹುಟ್ಟಿದ್ದು 1938ರಲ್ಲಿ. ಲೆಕ್ಕ ಹಾಕಿ: ಮಗ ಅಂಬೆಗಾಲಿಟ್ಟು, ನಡೆದು, ಶಾಲೆಗೆ ಹೋಗುವಷ್ಟು ಹೊತ್ತೂ ಅಪ್ಪನ ಮೇಜಿನ ಮೇಲೆ ಮಹಾಕಾವ್ಯ ಇತ್ತು. ಅದಕ್ಕಿಂತ ದೊಡ್ಡ ಡೆಲಿವರಿ ನಮ್ಮ ಯಾವ ಸ್ಟುಡಿಯೋದಲ್ಲೂ ಇಲ್ಲ. ಆದರೆ 1996ರಲ್ಲಿ ಬಂದ 'ಅಣ್ಣನ ನೆನಪು' ಓದಿದರೆ ಸಿಗುವ ಕುವೆಂಪು ಒಬ್ಬ ಮನುಷ್ಯ. ಮನೆಯಲ್ಲಿ ಓಡಾಡುವ, ಮಕ್ಕಳ ಹುಚ್ಚಾಟಗಳ ನಡುವೆಯೇ ಇರುವ ಅಪ್ಪ. ಮಕ್ಕಳು ಅವರನ್ನು ಕರೆಯುತ್ತಿದ್ದದ್ದು ಅಣ್ಣ ಎಂದು. ಆ ಪುಸ್ತಕ ಓದಿ ನನಗೆ ಧೈರ್ಯ ಬಂತು. ಕೆಲಸ ದೊಡ್ಡದಿದ್ದ ಮಾತ್ರಕ್ಕೆ ಮಗನ ನೆನಪಿನಲ್ಲಿ ಅಪ್ಪನ ಬೆನ್ನು ಮಾತ್ರ ಉಳಿಯಬೇಕು ಅಂತೇನಿಲ್ಲ.

ಇನ್ನು ಆಫೀಸು, ಕಾನೂನು ಏನು ಹೇಳುತ್ತವೆ ನೋಡೋಣ. ಕೇಂದ್ರ ಸರ್ಕಾರದ ನೌಕರನಿಗೆ ಮಗು ಹುಟ್ಟಿದರೆ 15 ದಿನ ಪಿತೃತ್ವ ರಜೆ. ನಮ್ಮ ರಾಜ್ಯ ಸರ್ಕಾರದಲ್ಲೂ ಅಷ್ಟೇ. ಖಾಸಗಿ ಕಂಪನಿ ಕೊಡಲೇಬೇಕು ಎನ್ನುವ ಕಾನೂನು ಇಲ್ಲ, ಕೊಟ್ಟರೆ ಅದು ಅವರ ಪಾಲಿಸಿ. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ತಂದು ತಾಯಂದಿರ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿದರು. ಬಹಳ ಒಳ್ಳೆಯದು. ಅದೇ ತಿದ್ದುಪಡಿಯಲ್ಲಿ 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಅಂತಲೂ ಇದೆ. ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿ ಮಗುವನ್ನು ನೋಡಿ ಬರಲು ಅವಕಾಶ ಕೊಡಬೇಕು. ಯಾರಿಗೆ? ಮಹಿಳೆಗೆ. ಅಪ್ಪ ಅದೇ ಕಟ್ಟಡದ ಮೂರನೇ ಮಹಡಿಯಲ್ಲಿ ಕೂತಿದ್ದರೂ ಅವನು ಹೋಗಿ ಬರಬಹುದು ಅನ್ನುವ ಯೋಚನೆ ಆ ಸಾಲಿನಲ್ಲಿಲ್ಲ. ಹಿರಿಯರ ಎದುರಿಗೆ ಮಗು ಎತ್ತಿಕೊಳ್ಳಬಾರದು ಅನ್ನುವ ನಮ್ಮೂರ ರೂಢಿ ಕಾನೂನಿನ ಪುಸ್ತಕಕ್ಕೂ ಹೋಗಿ ಕೂತಿದೆ ಅನ್ನಿಸುತ್ತದೆ.

ಇತ್ತ ಶಾಲೆಯ ಗೇಟಿನ ಹತ್ತಿರ ಬೇರೆಯೇ ಕಥೆ. ನಾನು ಮಗಳ ವಾಟರ್ ಬಾಟಲ್ ಹಿಡಿದುಕೊಂಡು ನಿಂತರೆ "ಎಷ್ಟ್ ಛಲೋ ನೋಡ್ಕೋತಾರ್ರೀ ನಿಮ್ಮ ಮನಿಯವ್ರು" ಅಂತ ನನ್ನ ಹೆಂಡತಿಗೆ ಸುದ್ದಿ ಮುಟ್ಟುತ್ತದೆ. ಒಂದು ಸಂಜೆ ಬಬಲೇಶ್ವರದ ಬಸ್ಸಿನಲ್ಲಿ ನಿಂತುಕೊಂಡೇ ಬಂದವಳು ರೊಟ್ಟಿ ಬಡಿಯುತ್ತಾ ಹೇಳಿದಳು: "ನೀವ್ ಒಂದ್ ಜಡಿ ಹಾಕಿದ್ರ ಓಣಿ ತುಂಬ ಚಪ್ಪಾಳಿ. ನಾ ನಲವತ್ತ್ ಮಕ್ಕಳಿಗೆ ಪಾಠ ಹೇಳಿ ಬಂದು ರೊಟ್ಟಿ ಬಡಿತೀನಿ, ಇದಕ್ಕ ಯಾರ್ ಚಪ್ಪಾಳಿ ತಟ್ಟತಾರ? ಇದ್ರ ಸಪ್ಪಳಾನ ಚಪ್ಪಾಳಿ ಅಂತ ತಿಳಕೋಬೇಕು." ನಾನು ಎದ್ದು ಪಲ್ಯಕ್ಕೆ ಒಗ್ಗರಣೆ ಹಾಕಿದೆ. ಉತ್ತರ ಇಲ್ಲದಾಗ ಒಗ್ಗರಣೆ ಹಾಕುವುದು ಒಳ್ಳೆಯ ಉಪಾಯ.

ಈಗ ಹೋದ ಮಾರ್ಚಿನ ಒಂದು ರಾತ್ರಿಯ ವಿಷಯ ಹೇಳಬೇಕು.

ಶುಕ್ರವಾರ. ಸೋಮವಾರ ಒಂದು ಎಪಿಸೋಡ್ ಕೊಡಬೇಕಿತ್ತು. ಕಥೆಯಲ್ಲಿ ಒಬ್ಬ ಹುಡುಗ ಕೊಡ ಎತ್ತುವ ಶಾಟು. ಎತ್ತುವಾಗ ಅವನ ಬೆರಳು ಕೊಡದ ಒಳಗೆ ತೂರಿಹೋಗುತ್ತಿತ್ತು. ನಾನು ಟೂಲಿನಲ್ಲಿ ಎಲ್ಲಿ ಎಡವಟ್ಟಾಗಿದೆ ಅಂತ ಹುಡುಕುತ್ತಿದ್ದೆ. ರಾತ್ರಿ ಒಂಬತ್ತರ ಸುಮಾರು ಅಪ್ಪನ ಫೋನು. "ಮುಗಿಲ ಕಟ್ಟೇದ. ಅಥಣಿ ಕಡೆ ಮಿಂಚಾಕತ್ತದ. ತಾಡಪತ್ರಿ ಕಟ್ಟಾಕ ಆಳ ಸಿಗವಲ್ರು. ಬರ್ತೀಯೇನು?"

ನಮ್ಮಪ್ಪ ಬಾ ಅಂತ ಕರೆಯುವ ಪೈಕಿ ಅಲ್ಲ. ಮಾಲು ಬಲೆಗೆ ಹಾಕಿ ಹನ್ನೊಂದು ದಿನ ಆಗಿತ್ತು. ಇನ್ನು ನಾಲ್ಕು ದಿನ ಒಣ ಗಾಳಿ ಸಿಕ್ಕರೆ ಸಾಕಿತ್ತು. ನಾನು ಲೀಡ್‌ಗೆ ಮೆಸೇಜು ಹಾಕಿದೆ: ಊರಲ್ಲಿ ಒಣದ್ರಾಕ್ಷಿ ಶೆಡ್ಡು, ಮಳೆ ಬರ್ತಾ ಇದೆ, ಮೂರು ತಾಸು ಸಿಗೋದಿಲ್ಲ, ಆಮೇಲೆ ಕೂರುತ್ತೇನೆ. ಲ್ಯಾಪ್‌ಟಾಪ್ ಬ್ಯಾಗಿಗೆ ಹಾಕಿಕೊಂಡು ಮೂವರೂ ಕಾರು ಹತ್ತಿದೆವು. ವಿಜಯಪುರದಿಂದ ತಿಕೋಟಾ ಇಪ್ಪತ್ತು ಕಿಲೋಮೀಟರ್ ಆಸುಪಾಸು. ಆ ರಾತ್ರಿ ಅದು ಮುಗಿಯಲೊಲ್ಲದು.

ಹೋಗುವಷ್ಟರಲ್ಲಿ ಗಾಳಿ ಎದ್ದಿತ್ತು. ಶೆಡ್ಡಿನ ಎರಡೂ ಬದಿಗೆ ತಾಡಪತ್ರಿ ಇಳಿಬಿಟ್ಟು ಕಟ್ಟಬೇಕು. ಒಂದು ಕಡೆ ಕಟ್ಟಿದರೆ ಇನ್ನೊಂದು ಕಡೆ ಹಾರುತ್ತದೆ. ಅಪ್ಪ ಒಂದು ತುದಿ, ನಾನು ಒಂದು ತುದಿ, ನಡುವೆ ನನ್ನ ಹೆಂಡತಿ ಮತ್ತು ಅವ್ವ. ಮಗಳಿಗೆ ಬ್ಯಾಟರಿ ಕೊಟ್ಟು ಗಂಟು ಹಾಕುವ ಕಡೆ ಬೆಳಕು ಬಿಡಲು ನಿಲ್ಲಿಸಿದೆವು. ಎರಡೂ ಕೈಯಿಂದ ಹಿಡಿದು, ಬೆಳಕು ಅಲುಗದ ಹಾಗೆ ನಿಂತಿದ್ದಳು. ಮಳೆ ಒಂದು ನಲವತ್ತು ನಿಮಿಷ ಹೊಡೆಯಿತು. ನಿಂತ ಮೇಲೆ ಬ್ಲೋವರ್ ಹಚ್ಚಿ ಗಾಳಿ ಬಿಟ್ಟೆವು. ತುದಿಯ ಎರಡು ಸಾಲಿನ ಮಾಲು ಒದ್ದೆಯಾಗಿತ್ತು. ಅದು ಆಮೇಲೆ ಕಪ್ಪಾಗಿ ಎರಡನೇ ದರ್ಜೆಗೆ ಹೋಯಿತು. ಉಳಿದದ್ದು ಉಳಿಯಿತು.

ಹನ್ನೊಂದೂವರೆಗೆ ಅಲ್ಲೇ ಖಾಲಿ ಕ್ರೇಟುಗಳ ಮೇಲೆ ಲ್ಯಾಪ್‌ಟಾಪ್ ತೆರೆದೆ. ಮೊಬೈಲಿನಿಂದ ನೆಟ್ಟು. ಮಗಳು ಚೀಲದ ಮೇಲೆ ಕೂತು ನೋಡುತ್ತಿದ್ದಳು. ಅಪ್ಪನೂ ಹಿಂದೆ ಬಂದು ನಿಂತರು. ಮನೆಯಲ್ಲಿ ನನ್ನ ರೂಮಿಗೆ ಬಾಗಿಲಿದೆ, ಶೆಡ್ಡಿಗೆ ಬಾಗಿಲಿಲ್ಲ. ಹಾಗಾಗಿ ಅಜ್ಜ ಮೊಮ್ಮಗಳಿಬ್ಬರೂ ನನ್ನ ಕೆಲಸ ನೋಡಿದ್ದು ಅವತ್ತೇ ಮೊದಲು. ಬೆರಳು ಕೊಡದೊಳಗೆ ಹೋಗುವುದನ್ನು ತೋರಿಸಿದೆ. ಮಗಳು ಬಿದ್ದು ಬಿದ್ದು ನಕ್ಕಳು.

"ಒಂದ್ ಬೆರಳಿನ ಸಲುವಾಗಿ ಇಷ್ಟೊತ್ತನ ಕುಂತಿದ್ಯಾ?" ಅಂದರು ಅಪ್ಪ.

ಒಂದು ಸೆಕೆಂಡಿಗೆ 24 ಚಿತ್ರ, ಪ್ರತಿಯೊಂದರಲ್ಲೂ ಬೆರಳು ಸರಿ ಇರಬೇಕು ಅಂತ ವಿವರಿಸಿದೆ. ಅಪ್ಪ ಸ್ವಲ್ಪ ಹೊತ್ತು ನೋಡಿ, "ಅಂದ್ರ ಗೊನಿಯಾಗಿನ ಕಾಳು ಬಿಡಿಸಿದಂಗ ಅನ್ನು" ಅಂದರು. ಗೊಂಚಲು ಒತ್ತಾಗಬಾರದು ಅಂತ ಎಳೆಗಾಯಿಗಳನ್ನು ಒಂದೊಂದಾಗಿ ತೆಗೆಯುವ ಕೆಲಸ ಅದು. ಬೇಜಾರಿನ ಕೆಲಸ, ಮಾಡದಿದ್ದರೆ ಗೊತ್ತಾಗುವ ಕೆಲಸ. ಹತ್ತು ವರ್ಷದಲ್ಲಿ ನನ್ನ ಕೆಲಸಕ್ಕೆ ಇಷ್ಟು ಸರಿಯಾದ ವಿವರಣೆ ಯಾರೂ ಕೊಟ್ಟಿರಲಿಲ್ಲ.

ಆಗ ಮಗಳು ಕೇಳಿದಳು: "ಅಪ್ಪಾ, ನಿನ್ನ ಕೆಲಸಕ್ಕ ಮಳಿ ಬಂದ್ರ ಏನ್ ಆಗ್ತದ?"

"ಏನೂ ಆಗಂಗಿಲ್ಲ."

"ಮತ್ತ ಯಾಕ ಅವಸರ?"

ಅಪ್ಪ ನಕ್ಕರು. ನನ್ನ ಹತ್ತಿರ ಉತ್ತರ ಇತ್ತು: ಕ್ಲೈಂಟು, ಚಾನೆಲ್ ಸ್ಲಾಟು, ಒಪ್ಪಂದ. ಎಲ್ಲ ನಿಜವಾದವೇ, ಅದರಿಂದಲೇ ನಮ್ಮ ಮನೆಯ ಇಎಂಐ ನಡೆಯುತ್ತದೆ. ಆದರೆ ಆ ಪ್ರಶ್ನೆ ಒಂದು ಗೆರೆ ಎಳೆದುಕೊಟ್ಟಿತು. ಮಳೆಯ ಗಡುವು ಮುಗಿಲು ಹಾಕಿದ್ದು, ಅದರ ಜೊತೆ ಚೌಕಾಶಿ ಇಲ್ಲ. ರಾತ್ರಿಯೋ ಹಗಲೋ, ಓಡಲೇಬೇಕು. ನನ್ನ ಗಡುವು ಮನುಷ್ಯರು ಹಾಕಿದ್ದು. ಮನುಷ್ಯರು ಹಾಕಿದ ಗಡುವಿನ ಬಗ್ಗೆ ಮನುಷ್ಯರ ಜೊತೆ ಮಾತಾಡಬಹುದು. ನಮ್ಮ ಪೀಳಿಗೆ ಎರಡನೆಯದನ್ನು ಮೊದಲನೆಯದರ ಹಾಗೆ ನೋಡುತ್ತಿದೆ. ಜೀರಾ ಟಿಕೆಟ್ಟನ್ನು ಸಿಡಿಲು ಅಂತ ತಿಳಿದು ಓಡುತ್ತಿದ್ದೇವೆ.

ಬೆರಳು ಒಂದೂವರೆಗೆ ಸರಿಯಾಯಿತು. ಅಷ್ಟರಲ್ಲಿ ಮಗಳು ಚೀಲದ ಮೇಲೇ ನಿದ್ದೆ ಹೋಗಿದ್ದಳು.

ಆಮೇಲೆ ನಾನು ಎರಡು ಕೆಲಸ ಮಾಡಿದೆ. ಮೊದಲನೆಯದು ಮನೆಯಲ್ಲಿ. ವಾರಕ್ಕೆರಡು ದಿನ ಸಂಜೆ ಮಗಳಿಗೆ ನನ್ನ ಕೆಲಸ ತೋರಿಸುತ್ತೇನೆ. ಪಾಠ ಅಲ್ಲ, ಕೋಡಿಂಗ್ ಕ್ಲಾಸೂ ಅಲ್ಲ. ಇವತ್ತು ಏನು ಕೆಟ್ಟಿತು, ಯಾಕೆ ಕೆಟ್ಟಿತು, ಸರಿಯಾಯಿತೋ ಇಲ್ಲವೋ, ಇಷ್ಟೇ. ಹಳೇ ನೋಟ್‌ಬುಕ್ಕಿನ ಮೂಲೆಯಲ್ಲಿ ಇಬ್ಬರೂ ಸೇರಿ ಹಾಳೆ ಹಾಳೆಗೂ ಚಿತ್ರ ಬಿಡಿಸಿ, ಸರ್ರನೆ ತಿರುವಿ, ದ್ರಾಕ್ಷಿ ಗೊನೆ ಒಣಗಿ ಸಣ್ಣದಾಗುವ ಸಿನಿಮಾ ಮಾಡಿದೆವು. 48 ಹಾಳೆ, ಎರಡು ಸೆಕೆಂಡು. "ಇಷ್ಟ ಕೆಲಸಕ್ಕ ಎರಡೇ ಸೆಕೆಂಡಾ?" ಅಂತ ಸಿಟ್ಟಾದಳು. ಈ ಉದ್ಯಮದ ಮೂಲದುಃಖ ಅವಳಿಗೆ ಅರ್ಥವಾಯಿತು ಅಂತ ನನಗೆ ಸಮಾಧಾನ.

ಎರಡನೆಯದು ಆಫೀಸಿನಲ್ಲಿ. ಕ್ಯಾಲೆಂಡರಿನಲ್ಲಿ ಸಂಜೆ ಐದೂವರೆಯಿಂದ ಏಳೂವರೆ ಬ್ಲಾಕ್ ಮಾಡಿದೆ. ಎಲ್ಲರೂ ಹಾಕುವ ಹಾಗೆ "ಪರ್ಸನಲ್" ಅಂತ ಹಾಕಲಿಲ್ಲ. "ಮಗಳು" ಅಂತ ಹಾಕಿದೆ. ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ನಿಮ್ಮ ಟೀಮಿನಲ್ಲೇ ನೋಡಿ. ಗಂಡಸರು ದಂತವೈದ್ಯ ಅಂತಾರೆ, ಗಾಡಿ ಸರ್ವಿಸ್ ಅಂತಾರೆ, ನೆಟ್ ಹೋಗಿದೆ ಅಂತಾರೆ. ಮಗುವಿಗೆ ಜ್ವರ, ನಾನೇ ನೋಡಿಕೊಳ್ಳಬೇಕು ಅಂತ ಎಷ್ಟು ಜನ ಬಾಯಿಬಿಟ್ಟು ಹೇಳುತ್ತಾರೆ? ಹೆಣ್ಣುಮಕ್ಕಳು ಹೇಳುತ್ತಾರೆ, ಹೇಳಿದ್ದಕ್ಕೆ ಅಪ್ರೇಸಲ್ಲಿನಲ್ಲಿ ಬೆಲೆಯನ್ನೂ ಕೊಡುತ್ತಾರೆ. ನಾವು ಮುಚ್ಚಿಟ್ಟಷ್ಟು ದಿನ ಮಗು ನೋಡಿಕೊಳ್ಳುವುದು "ಹೆಂಗಸರ ಸಮಸ್ಯೆ" ಆಗಿಯೇ ಉಳಿಯುತ್ತದೆ.

ಬೆಲೆ ನನಗೂ ಬಂತು. ಮುಂದಿನ ಪ್ರಾಜೆಕ್ಟಿಗೆ ಒಬ್ಬ ಲೀಡ್ ಬೇಕಿತ್ತು, ಬೆಂಗಳೂರಿನಲ್ಲೇ ಇರಬೇಕು, ರಾತ್ರಿ ಕರೆಗಳಿಗೆ ಸಿಗಬೇಕು. ಕೇಳಿದರು. ಮನೆಯಲ್ಲಿ ಎರಡು ರಾತ್ರಿ ಲೆಕ್ಕ ಹಾಕಿದೆವು. ಸಂಬಳ, ಬಾಡಿಗೆ, ಬಬಲೇಶ್ವರದ ನೌಕರಿ, ತಿಕೋಟಾದ ಶೆಡ್ಡು, ಎರಡನೇ ಕ್ಲಾಸು. ಬೇಡ ಅಂದೆ. ನನಗಿಂತ ಚಿಕ್ಕವನೊಬ್ಬ ಲೀಡ್ ಆದ, ಹುಷಾರ್ ಹುಡುಗ. ಈಗ ಅವನ ಹೆಂಡತಿಗೆ ಏಳು ತಿಂಗಳು. ಹೋದ ವಾರ ಅವನ ಕ್ಯಾಲೆಂಡರಿನಲ್ಲಿ ಒಂದು ಹೊಸ ಬ್ಲಾಕ್ ನೋಡಿದೆ: "ಸ್ಕ್ಯಾನಿಂಗ್, ನಾನೂ ಹೋಗ್ತಿದ್ದೀನಿ". ಬಡ್ತಿ ಬಂದಿದ್ದರೆ ಎಷ್ಟು ಖುಷಿ ಆಗುತ್ತಿತ್ತೋ ಗೊತ್ತಿಲ್ಲ, ಇದನ್ನು ನೋಡಿ ಖುಷಿಯಾಯಿತು.

ಅನಿಮೇಶನ್ ಚಿತ್ರಗಳ ಕೊನೆಗೆ ಹೆಸರುಗಳ ಉದ್ದನೆ ಪಟ್ಟಿ ಬರುತ್ತದಲ್ಲ, ಎಲ್ಲರೂ ಎದ್ದು ಹೋಗುವ ಹೊತ್ತಿಗೆ. ಪಿಕ್ಸಾರ್‌ನವರ 'ಟಾಯ್ ಸ್ಟೋರಿ' (1995) ಚಿತ್ರದ ಕೊನೆಯಲ್ಲಿ "ಪ್ರೊಡಕ್ಷನ್ ಬೇಬೀಸ್" ಅಂತ ಒಂದು ಪಟ್ಟಿ ಇದೆ. ಚಿತ್ರ ತಯಾರಾಗುತ್ತಿದ್ದಾಗ ತಂಡದವರಿಗೆ ಹುಟ್ಟಿದ ಮಕ್ಕಳ ಹೆಸರುಗಳು. ಆಮೇಲೆ ಎಷ್ಟೋ ಚಿತ್ರಗಳಲ್ಲಿ ಇದು ರೂಢಿಯಾಯಿತು. ಬ್ಯಾಚುಲರ್ ಆಗಿದ್ದಾಗ ಆ ಪಟ್ಟಿ ನೋಡಿ ಆಹಾ ಎಷ್ಟು ಚೆಂದ ಅನ್ನಿಸಿತ್ತು. ಈಗ ನೋಡುವಾಗ ಒಂದೊಂದು ಹೆಸರಿನ ಹತ್ತಿರ ನಿಲ್ಲುತ್ತೇನೆ. ಈ ಕೂಸು ಮೊದಲ ಹೆಜ್ಜೆ ಇಟ್ಟಾಗ ಇದರ ಅಪ್ಪ ಮನೆಯಲ್ಲಿದ್ದನೋ, ಯಾವುದೋ ಶಾಟಿನ ಬೆರಳು ಸರಿ ಮಾಡುತ್ತಿದ್ದನೋ? ಆದರೂ ಆ ಪಟ್ಟಿ ಇರಬೇಕು. ಈ ಕೆಲಸ ಮಾಡಿದವರಿಗೆ ಮನೆ ಇತ್ತು, ಮನೆಯಲ್ಲಿ ಕೂಸಿತ್ತು ಅಂತ ಸಾವಿರ ಹೆಸರುಗಳ ನಡುವೆ ಒಪ್ಪಿಕೊಳ್ಳುವುದು ಸಣ್ಣ ಮಾತಲ್ಲ. ನಮ್ಮ ಸ್ಟುಡಿಯೋದ ಮುಂದಿನ ಸರಣಿಗೂ ಹಾಕಿ ಅಂತ ಕೇಳಿದ್ದೇನೆ. ನೋಡೋಣ ಅಂದಿದ್ದಾರೆ. ಕ್ಲೈಂಟ್ ಒಪ್ಪಬೇಕಂತೆ. ಒಪ್ಪಲಿಕ್ಕೆ ಅವರೂ ಮನುಷ್ಯರೇ ತಾನೆ, ಇನ್ನೊಮ್ಮೆ ಕೇಳುತ್ತೇನೆ.

ಐದು ಇಪ್ಪತ್ತೈದಾಯಿತು. ಇನ್ನೈದು ನಿಮಿಷಕ್ಕೆ ಸ್ಕ್ರೀನಿನ ಮೂಲೆಯಲ್ಲಿ "ಮಗಳು" ಅಂತ ಬರುತ್ತದೆ. ಇವತ್ತು ಬಾರಾಕಮಾನಿಗೆ ಕರೆದುಕೊಂಡು ಹೋಗುವುದಾಗಿ ಒಪ್ಪಂದವಾಗಿದೆ. ಅದನ್ನು ಯಾಕೆ ಮುಗಿಸಲಿಲ್ಲ ಅಂತ ಖಂಡಿತ ಕೇಳುತ್ತಾಳೆ. ದಾರಿಯಲ್ಲಿ ಉತ್ತರ ಯೋಚಿಸಬೇಕು.